ಗೌಂಡಿ ಕಲಿಸುವ ದಿನದ ಪಗಾರ ಯಾರು ಕೊಡಬೇಕು?

ಕಾರ್ಮಿಕ ಸಚಿವರಿಗೆ, ಕೌಶಲ್ಯಾಭಿವೃದ್ಧಿ ಸಚಿವರಿಗೆ, ಮತ್ತು ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಬರುವ ಎಲ್ಲ ಶಾಸಕರಿಗೆ,

ನಮಸ್ಕಾರ.

ನಾನು ಬಾಗಲಕೋಟೆ ನವನಗರದವನು. ಮನೆ ಕಟ್ಟಿಸಿಕೊಡುವ ಸಣ್ಣ ಗುತ್ತಿಗೆದಾರ. ವರ್ಷಕ್ಕೆ ಮೂರೋ ನಾಲ್ಕೋ ಮನೆ, ಮಳೆಗಾಲದಲ್ಲಿ ಒಂದಿಷ್ಟು ರಿಪೇರಿ. ಎಂಟು-ಹತ್ತು ಜನ ನನ್ನ ಜೊತೆ ಕೆಲಸ ಮಾಡುತ್ತಾರೆ. ಅಪ್ಪ ಗೌಂಡಿ, ಅಂದರೆ ಗಾರೆ ಕೆಲಸದವರು, ಆಗಿದ್ದರು. ನಾನು ಸಿವಿಲ್ ಡಿಪ್ಲೊಮಾ ಓದಿದ್ದೇನೆ, ಆದರೆ ಕೆಲಸ ಕಲಿತದ್ದು ಅಪ್ಪನ ಹಿಂದೆ ಬುಟ್ಟಿ ಹೊತ್ತು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರದಲ್ಲಿ ಕೇಳುತ್ತಿರುವುದರಲ್ಲಿ ನನ್ನ ಸ್ವಾರ್ಥವೂ ಇದೆ. ಕೈ ಪಳಗಿದ ಗೌಂಡಿಗಳು ಜಾಸ್ತಿ ಸಿಕ್ಕರೆ ಮೊದಲು ಉಳಿಯುವುದು ನನ್ನ ದುಡ್ಡೇ.

ಏಳೆಂಟು ವರ್ಷದ ಹಿಂದೆ ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಒಂದು ಮನೆಯ ಮುಂದೆ ಮೂರೂವರೆ ಅಡಿ ಹೊರಗೆ ಚಾಚಿದ ಬಾಲ್ಕನಿ ಇತ್ತು. ಕಾಂಕ್ರೀಟು ಒತ್ತಿದರೆ ಚೆನ್ನಾಗಿ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೇ ಎಳೆತ ಬೀಳುವ ಕಡೆ ಕಬ್ಬಿಣ ಇಡುವುದು. ಕೋಣೆಯ ಸ್ಲ್ಯಾಬು ನಡುವೆ ಜಗ್ಗುತ್ತದೆ, ಹಾಗಾಗಿ ಅಲ್ಲಿ ಕಬ್ಬಿಣ ಕೆಳಗಿರಬೇಕು. ಬಾಲ್ಕನಿ ಜಗ್ಗುವುದು ತುದಿಯಲ್ಲಿ. ಎಳೆತ ಬೀಳುವುದು ಗೋಡೆಯ ಹತ್ತಿರ, ಮೇಲ್ಮೈಗೆ. ಹಾಗಾಗಿ ಅಲ್ಲಿ ಕಬ್ಬಿಣ ಮೇಲಿರಬೇಕು. ಹಿಂದಿನ ದಿನ ಸಂಜೆ ಸರಿಯಾಗಿಯೇ ಕಟ್ಟಿಸಿದ್ದೆ, ಟಾರ್ಚ್ ಹಿಡಿದು ನೋಡಿಯೂ ಬಂದಿದ್ದೆ. ಬೆಳಗ್ಗೆ ಮಾಲು ಹಾಕುವಾಗ ನಾನು ಕೆಳಗೆ ಮಿಕ್ಸರ್ ಹತ್ತಿರ ಮನೆಯ ಯಜಮಾನರ ಜೊತೆ ಮಾತಾಡುತ್ತಾ ನಿಂತೆ. ಮೇಲೆ ಹುಡುಗರು ಬುಟ್ಟಿ ಹಿಡಿದು ಆ ಕಬ್ಬಿಣದ ಮೇಲೇ ಓಡಾಡಿದರು. ಸರಳನ್ನು ಎತ್ತಿ ಹಿಡಿಯಲು ಕೆಳಗೆ ಇಡುವ ಬಗ್ಗಿಸಿದ ಕಬ್ಬಿಣಕ್ಕೆ ಕುರ್ಚಿ ಅನ್ನುತ್ತೇವೆ, ಅದನ್ನು ಸಾಕಷ್ಟು ಇಟ್ಟಿರಲಿಲ್ಲ. ಸರಳುಗಳು ಒಂದೊಂದಾಗಿ ತಗ್ಗಿ ಹಲಗೆಗೆ ಕೂತವು. ಅದರ ಮೇಲೆ ಕಾಂಕ್ರೀಟು ಬಿತ್ತು. ಮೇಲಿಂದ ನೋಡಿದರೆ ಎಲ್ಲ ಚಂದ, ನುಣ್ಣಗೆ.

ಎರಡು ವಾರ ಬಿಟ್ಟು ಸೆಂಟ್ರಿಂಗ್, ಅಂದರೆ ಕಾಂಕ್ರೀಟನ್ನು ಹೊತ್ತ ಹಲಗೆ-ಕಂಬ, ಬಿಚ್ಚಿದೆವು. ಗೋಡೆಯ ಗುಂಟ, ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಬಿರುಕು. ಉಗುರು ಇಳಿಯುವಷ್ಟು. ಓಡಿಹೋಗಿ ಮತ್ತೆ ಬಲ್ಲಿ ಕಂಬದ ಆಸರೆ ಕೊಟ್ಟೆವು, ಒಡೆದೆವು, ಹೊಸದಾಗಿ ಹಾಕಿದೆವು. ಆ ಮನೆಯಲ್ಲಿ ನನಗೆ ಉಳಿಯಬೇಕಿದ್ದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಯಾರ ತಲೆಯ ಮೇಲೂ ಬೀಳಲಿಲ್ಲ. ಅದು ನನ್ನ ಪುಣ್ಯ, ಜಾಣತನ ಅಲ್ಲ.

ಒಬ್ಬ ಹುಡುಗನನ್ನು ಕರೆದು ಕೇಳಿದೆ. "ಯಾಕೋ ತಮ್ಮಾ, ಕಬ್ಬಿಣದ ಮ್ಯಾಲ ಕಾಲ ಯಾಕ ಇಟ್ಟಿ?"

"ಮತ್ತ ಎಲ್ಲಿಡಬೇಕಿತ್ರೀ ಅಣ್ಣಾ? ಯಾರೂ ಹೇಳಿಲ್ಲಲ್ರೀ."

ಅವನು ಮೂರು ವರ್ಷದಿಂದ ಬುಟ್ಟಿ ಹೊರುತ್ತಿದ್ದ. ಮೂರು ವರ್ಷ ಕಬ್ಬಿಣದ ಮೇಲೆ ನಡೆದಿದ್ದ. ಹಲಗೆ ಹಾಕಿಕೊಂಡು ಅದರ ಮೇಲೆ ನಡೆಯಬೇಕು ಅಂತ ಒಬ್ಬರೂ ಅವನಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ನಮ್ಮ ಹಳೆಯ ಗೌಂಡಿ ಕಾಕಾಗೆ ಮಾತ್ರ ಇದೆಲ್ಲ ಗೊತ್ತು. ಅಪ್ಪನ ಜೊತೆಗೂ ಕೆಲಸ ಮಾಡಿದವರು. ಸಿಟ್ಟಿನಲ್ಲಿ ಅವರನ್ನೇ ಕೇಳಿದೆ, "ನೀವಾದ್ರೂ ಹುಡುಗುರಿಗೆ ಹೇಳಬಾರದಿತ್ತಾ ಕಾಕಾ?" ಅವರು ಬೀಡಿ ಆರಿಸಿ ನಿಧಾನಕ್ಕೆ ಅಂದರು: "ನಂದು ಚದರಡಿ ಲೆಕ್ಕ ಐತಪಾ. ಹುಡುಗುರಿಗೆ ಪಾಠ ಹೇಳಕೋತ ಕುಂತ್ರ ನನ್ನ ಪಗಾರ ನೀ ಕೊಡ್ತಿಯೇನು?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅದಕ್ಕೇ ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಅಪ್ಪನ ಕಾಲದಲ್ಲಿ ಗೌಂಡಿಗೆ ದಿನದ ಪಗಾರ. ಹುಡುಗ ಬಂದರೆ ಮೊದಲು ಬುಟ್ಟಿ, ಆಮೇಲೆ ಮಾಲು ಕಲಸುವುದು, ಆಮೇಲೆ ಇಟ್ಟಿಗೆ ನೆನೆಸಿ ಕೈಗೆ ಕೊಡುವುದು, ದಾರ ಕಟ್ಟುವುದು. ಮಧ್ಯಾಹ್ನ ರೊಟ್ಟಿ ತಿಂದು ಉಸ್ತಾದ ಅರ್ಧ ತಾಸು ನೆರಳಲ್ಲಿ ಅಡ್ಡಾಗುತ್ತಿದ್ದ. ಆ ಅರ್ಧ ತಾಸೇ ಹುಡುಗನ ಶಾಲೆ. ಉಸ್ತಾದನ ಕರಣಿ ಎತ್ತಿಕೊಂಡು ನಾಲ್ಕು ಇಟ್ಟಿಗೆ ಇಡುತ್ತಿದ್ದ. ಎದ್ದು ಬಂದ ಉಸ್ತಾದ ಓಳಂಬಿ, ಅಂದರೆ ದಾರಕ್ಕೆ ಕಟ್ಟಿದ ಗುಂಡು, ಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡುತ್ತಿದ್ದ. ಸರಿ ಇದ್ದರೆ ಏನೂ ಅನ್ನುತ್ತಿರಲಿಲ್ಲ. ಸರಿ ಇರದಿದ್ದರೆ ಕಾಲಿನಿಂದ ಒದ್ದು ಬೀಳಿಸಿ, "ಮತ್ತ ಇಡು" ಅನ್ನುತ್ತಿದ್ದ. ನಾನು ಹೀಗೇ ಕಲಿತೆ. ಚೆಂದದ ಪದ್ಧತಿ ಅಂತ ಹೊಗಳುತ್ತಿಲ್ಲ. ಬೈಗುಳ ಜಾಸ್ತಿ, ಹೊಡೆತವೂ ಇತ್ತು, ತಮ್ಮ ಮಕ್ಕಳು ಅಳಿಯಂದಿರಿಗೆ ಬಿಟ್ಟು ಬೇರೆಯವರ ಮಕ್ಕಳಿಗೆ ಕರಣಿ ಕೊಡದವರೂ ಇದ್ದರು. ಆದರೂ ಕಲಿಸುವುದಕ್ಕೆ ಒಂದು ಹೊತ್ತು ಅಂತ ಇತ್ತು.

ಈಗ ಗಿಲಾವು, ಅಂದರೆ ಪ್ಲಾಸ್ಟರ್, ಚದರಡಿ ಲೆಕ್ಕ, ಟೈಲ್ಸ್ ಚದರಡಿ ಲೆಕ್ಕ, ಸೆಂಟ್ರಿಂಗ್ ಚದರಡಿ ಲೆಕ್ಕ, ಕಬ್ಬಿಣ ಕಟ್ಟುವುದು ಟನ್ ಲೆಕ್ಕ. ಒಬ್ಬ ಒಳ್ಳೆಯ ಗೌಂಡಿ ನನ್ನ ಸೈಟಿನಲ್ಲಿ ದಿನಕ್ಕೆ ನೂರು ಚದರಡಿ ಗಿಲಾವು ಎಳೆಯುತ್ತಾನೆ. ಪಕ್ಕದಲ್ಲಿ ಒಬ್ಬ ಹುಡುಗನಿಗೆ ಗಿಲಾವು ಸಮ ಮಾಡುವ ರಂದಾ ಕೊಟ್ಟು ಕಲಿಸುತ್ತಾ ಹೋದರೆ ಅರವತ್ತಕ್ಕೆ ನಿಲ್ಲುತ್ತಾನೆ. ಹುಡುಗ ಕೆಡಿಸಿದ್ದನ್ನು ಕೆರೆದು ಮತ್ತೆ ಹಾಕುವುದೂ ಅವನ ತಲೆಗೇ. ನಲವತ್ತು ಚದರಡಿಯ ದುಡ್ಡು ಅವನ ಜೇಬಿನಿಂದ ಹೋಗುತ್ತದೆ. ನಾನು ಕೊಡಬಹುದಲ್ಲ ಅನ್ನುತ್ತೀರಿ. ನಾನು ಕೊಟ್ಟು ಕಲಿಸಿದ ಹುಡುಗ ಮುಂದಿನ ದೀಪಾವಳಿಗೆ ಮಂಗಳೂರಿನ ದೊಡ್ಡ ಕಟ್ಟಡಕ್ಕೆ ಹೋಗಿರುತ್ತಾನೆ. ಹೋಗಲಿ, ತಪ್ಪಲ್ಲ, ಅವನ ಹೊಟ್ಟೆಪಾಡು. ಆದರೆ ಮರುವರ್ಷ ನಾನು ಇನ್ನೊಬ್ಬನಿಗೆ ಕಲಿಸುವ ಗೋಜಿಗೆ ಹೋಗುತ್ತೇನಾ? ಎಲ್ಲ ಗುತ್ತಿಗೆದಾರರೂ ಹೀಗೇ ಲೆಕ್ಕ ಹಾಕುತ್ತೇವೆ. ಬೇರೆ ಯಾರೋ ಕಲಿಸಿದವನು ಸಿಗಲಿ ಅಂತ ಕಾಯುತ್ತೇವೆ.

ಇದು ಯಾರೊಬ್ಬರ ಕೆಟ್ಟತನ ಅಲ್ಲ. ಎಲ್ಲರಿಗೂ ಬೇಕಾದ, ಯಾರೂ ಒಬ್ಬರೇ ಖರ್ಚು ಮಾಡಲಾಗದ ಕೆಲಸ. ಇಂಥ ಕಡೆಯೇ ಕಾಯ್ದೆ ಬೇಕಾಗುವುದು, ಅಲ್ವಾ?

ನೀವು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದೀರಿ. ರೋಬೋಟ್ ಬಂದಿದೆ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ಬಂದಿದೆ, ಎಲೆಕ್ಟ್ರಿಕ್ ಗಾಡಿ ರಿಪೇರಿ ಬಂದಿದೆ. ಸಂತೋಷ. ಐಟಿಐ ಟ್ರೇಡುಗಳ ಪಟ್ಟಿಯಲ್ಲಿ ಗೌಂಡಿ ಕೆಲಸವೂ ಇದೆ, ಬಡಗಿ ಕೆಲಸವೂ ಇದೆ, ಪ್ಲಂಬರ್ ಕೂಡ ಇದೆ. ಆದರೆ ನನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದ ಐಟಿಐ ಹುಡುಗರೆಲ್ಲ ಇಲ್ಲಿಯವರೆಗೆ ಎಲೆಕ್ಟ್ರಿಷಿಯನ್ ಇಲ್ಲವೇ ಫಿಟ್ಟರ್ ಓದಿದವರೇ. ಗೌಂಡಿ ಟ್ರೇಡ್ ಓದಿ ಬಂದ ಒಬ್ಬನನ್ನೂ ನಾನು ನೋಡಿಲ್ಲ. ಕಾರಣ ಸುಲಭ. ಗೌಂಡಿ ಆಗುವವನು ಸಂಜೆ ಮನೆಗೆ ಅಕ್ಕಿ-ಜೋಳ ಒಯ್ಯಬೇಕಾದ ಮನೆಯಿಂದ ಬರುತ್ತಾನೆ. ಒಂದು ವರ್ಷ ಪಗಾರ ಇಲ್ಲದೆ ಬೆಂಚಿನ ಮೇಲೆ ಕೂರಲು ಅವನಿಗೆ ಆಗುವುದಿಲ್ಲ. ಕೂರುವಂಥವನು ಗೌಂಡಿ ಟ್ರೇಡ್ ಆರಿಸಿಕೊಳ್ಳುವುದಿಲ್ಲ.

ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಬಂತು. 18 ಕಸುಬುಗಳಲ್ಲಿ ಗೌಂಡಿಯೂ ಒಬ್ಬ. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000. ನಮ್ಮ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲೂ ಶ್ರಮ ಸಾಮರ್ಥ್ಯ ಅಂತ ತರಬೇತಿ ಮತ್ತು ಟೂಲ್ ಕಿಟ್ ಯೋಜನೆ ಇದೆ. ಇವೆಲ್ಲ ಈಗಾಗಲೇ ಕೆಲಸ ಗೊತ್ತಿದ್ದವನಿಗೆ ಒಳ್ಳೆಯವು. ನಮ್ಮ ಕಾಕಾಗೂ ಒಂದು ಕಿಟ್ ಬಂತು. ಕಿಟ್ ಚೆನ್ನಾಗಿಯೇ ಇತ್ತು. ಅವರು ಮಾತ್ರ ಇವತ್ತಿಗೂ ತಮ್ಮ ಸವೆದ ಕರಣಿಯನ್ನೇ ಹಿಡಿಯುತ್ತಾರೆ, ಕೈಗೆ ಅದೇ ಹದ ಅಂತೆ. ಹೊಸದನ್ನು ಮಗನಿಗೆ ಅಂತ ಎತ್ತಿಟ್ಟಿದ್ದಾರೆ. ಮಗ ಪುಣೆಯಲ್ಲಿ ಸೆಕ್ಯುರಿಟಿ ಗಾರ್ಡ್.

ಇನ್ನು 1961ರ ಶಿಶಿಕ್ಷು, ಅಂದರೆ ಅಪ್ರೆಂಟಿಸ್, ಕಾಯ್ದೆ. ಶಿಶಿಕ್ಷು ಅನ್ನುವ ಹೆಸರು ಯಾರು ಹುಡುಕಿದರೋ, ನಮ್ಮ ಹುಡುಗರಿಗೆ ಹಾಗೆ ಕರೆದರೆ ಬೈದೆ ಅಂದುಕೊಳ್ಳುತ್ತಾರೆ. ಅದರ ಪ್ರಕಾರ 30 ಅಥವಾ ಜಾಸ್ತಿ ಕೆಲಸಗಾರರು ಇರುವ ಕಡೆ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನನ್ನ ಹತ್ತಿರ ಹತ್ತು ಜನ. ನನ್ನಂಥವರಿಗೆ ಕಡ್ಡಾಯ ಇಲ್ಲ. ಬೇಕಾದರೆ ಮಾಡಬಹುದು, ಆದರೆ ಆ ಆನ್‌ಲೈನ್ ಪೋರ್ಟಲ್ಲು, ಒಪ್ಪಂದ, ಹಾಜರಿ ಕಡತ ಅಂತ ಯಾರು ಕೂರುತ್ತಾರೆ? ನಮ್ಮ ಊರುಗಳಲ್ಲಿ ಮನೆ ಕಟ್ಟುವವರು ಬಹುತೇಕ ನನ್ನಂಥವರೇ.

ಹಾಗಾದರೆ ದುಡ್ಡು ಎಲ್ಲಿಂದ? ದುಡ್ಡು ಇದೆ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗೆ ಎರಡು ಕಾಯ್ದೆ ತಂದಿತು. ಒಂದು ಅವರ ಕೆಲಸದ ಬಗ್ಗೆ, ಇನ್ನೊಂದು ಸೆಸ್ ಬಗ್ಗೆ. ಸೆಸ್ ಅಂದರೆ ಕಟ್ಟಿಸುವವರಿಂದ ಕಾರ್ಮಿಕರಿಗಾಗಿ ಎತ್ತುವ ಹಣ, ಕಟ್ಟಡದ ಖರ್ಚಿನಲ್ಲಿ ಶೇಕಡಾ 1. ಒಂದು ಕೋಟಿಯ ಕಾಂಪ್ಲೆಕ್ಸ್ ಎದ್ದರೆ ಒಂದು ಲಕ್ಷ. ಕರ್ನಾಟಕದಲ್ಲಿ 2006ರಲ್ಲಿ ನಿಯಮ ಬಂದವು, 2007ರಲ್ಲಿ ಮಂಡಳಿ ಆಯಿತು. ಆ ಕಾಯ್ದೆ ಮಂಡಳಿಗೆ ಕೊಟ್ಟ ಕೆಲಸಗಳ ಪಟ್ಟಿ ಓದಿ ನೋಡಿ. ಅಪಘಾತ, ಪಿಂಚಣಿ, ಮನೆ ಸಾಲ, ವಿಮೆ, ಮಕ್ಕಳ ಓದು, ಆಸ್ಪತ್ರೆ ಖರ್ಚು, ಹೆರಿಗೆ. ಎಲ್ಲವೂ ಬೇಕಾದದ್ದೇ. ಒಂದನ್ನೂ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಗೌಂಡಿಯ ಮಗಳ ಓದಿಗೆ ದುಡ್ಡು ಅಂತ ಬರೆದವರು ಗೌಂಡಿಯ ಕೈಗೆಲಸದ ಬಗ್ಗೆ ಪಟ್ಟಿಯಲ್ಲಿ ಹೆಸರು ಹಿಡಿದು ಏನೂ ಬರೆದಿರಲಿಲ್ಲ. ಕಸುಬು ತಾನಾಗಿ ಬೆಳೆಯುತ್ತದೆ ಅಂದುಕೊಂಡಿದ್ದರೇನೋ.

2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ತಿದ್ದಿದೆ. ಮಂಡಳಿಯ ಕೆಲಸಗಳಲ್ಲಿ ಕೌಶಲ್ಯ ಬೆಳೆಸುವುದನ್ನೂ ಸೇರಿಸಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾರ್ಮಿಕರ ತರಬೇತಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ರಾಜ್ಯವೂ ಕಾನೂನು ಮಾಡಬಹುದು. ನೀವು ಮಾಡಿಯೂ ತೋರಿಸಿದ್ದೀರಿ. ಮನೆಬಾಗಿಲಿಗೆ ಊಟ ತರುವ ಹುಡುಗರಿಗೆ, ಕ್ಯಾಬ್ ಓಡಿಸುವವರಿಗೆ ಅಂತ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿರಿ. ಅಷ್ಟು ಹೊಸ ಕೆಲಸಕ್ಕೆ ಕಾಯ್ದೆ ಬರೆಯಲು ಆಗುವುದಾದರೆ, ಇಷ್ಟು ಹಳೆಯ ಕೆಲಸಕ್ಕೆ ಯಾಕೆ ಆಗಬಾರದು?

ನಾನು ಕೇಳುತ್ತಿರುವುದು ಒಂದೇ. ಕಟ್ಟಡ ಕಸುಬಿನ ಕಲಿಕೆಗೆ ಒಂದು ರಾಜ್ಯ ಕಾಯ್ದೆ ಮಾಡಿ. ಅದರಲ್ಲಿ ಸೈಟನ್ನೇ ಶಾಲೆ ಅಂತ ಒಪ್ಪಿಕೊಳ್ಳಿ, ಗೌಂಡಿಯನ್ನೇ ಮೇಷ್ಟ್ರು ಅಂತ ಒಪ್ಪಿಕೊಳ್ಳಿ, ಕಲಿಸಿದ ಹೊತ್ತಿಗೆ ಅವನಿಗೆ ಸೆಸ್ ದುಡ್ಡಿನಿಂದ ಪಗಾರ ಕೊಡಿ. ಆ ನಲವತ್ತು ಚದರಡಿಯ ದುಡ್ಡು.

ಹೇಗೆ ಅಂತ ಕೇಳಿದರೆ ನನ್ನ ತಲೆಗೆ ಹೊಳೆದದ್ದು ಹೇಳುತ್ತೇನೆ. ಕಾನೂನು ಬರೆಯುವವರು ತಿದ್ದಿಕೊಳ್ಳಲಿ. ಹತ್ತು-ಹದಿನೈದು ವರ್ಷ ಕೆಲಸ ಮಾಡಿದ ಗೌಂಡಿಗಳನ್ನು, ಸೆಂಟ್ರಿಂಗ್‌ನವರನ್ನು, ಕಬ್ಬಿಣ ಕಟ್ಟುವವರನ್ನು ಪರೀಕ್ಷೆ ಮಾಡಿ ಉಸ್ತಾದ ಅಂತ ನೋಂದಣಿ ಮಾಡಿ. ಒಬ್ಬ ಉಸ್ತಾದನ ಕೈಕೆಳಗೆ 18 ದಾಟಿದ ಇಬ್ಬರು, ಜಾಸ್ತಿ ಬೇಡ. ಹುಡುಗರ ಹೆಲ್ಪರ್ ಪಗಾರ ನನ್ನಂಥ ಗುತ್ತಿಗೆದಾರ ಕೊಡಲಿ, ಅವರು ಕೆಲಸ ಮಾಡುತ್ತಾರಲ್ಲ. ವಾರಕ್ಕೆ ಒಂದು ದಿನ ಅವರು ಹತ್ತಿರದ ಐಟಿಐಗೋ ಪಾಲಿಟೆಕ್ನಿಕ್‌ಗೋ ಹೋಗಿ ನಕ್ಷೆ ಓದುವುದು, ಅಳತೆ, ಲೆಕ್ಕ, ಸುರಕ್ಷತೆ ಕಲಿಯಲಿ. ಆ ದಿನದ ಪಗಾರ ಮಂಡಳಿ ಕೊಡಲಿ. ಎರಡು ವರ್ಷ. ಕೊನೆಗೆ ಪರೀಕ್ಷೆ.

ಪರೀಕ್ಷೆ ಕಾಗದದ ಮೇಲೆ ಬೇಡ. ಎಬಿಸಿಡಿಯಲ್ಲಿ ಟಿಕ್ ಹಾಕುವ ಪರೀಕ್ಷೆಯಲ್ಲಿ ನಮ್ಮ ಕಾಕಾ ಫೇಲ್ ಆಗುತ್ತಾರೆ, ಅವರ ಮೊಮ್ಮಗ ಪಾಸಾಗುತ್ತಾನೆ. ಗೋಡೆಯ ಮೂಲೆ ಕಟ್ಟಿಸಿ. ಮೂರಡಿ, ನಾಲ್ಕಡಿ ಗುರುತು ಹಾಕಿ ನಡುವಿನ ಓರೆ ಐದಡಿ ಬರುತ್ತಾ ಅಂತ ಟೇಪ್ ಹಿಡಿದು ನೋಡಿ. ಓಳಂಬಿ ಬಿಡಿ. ಒಂದು ಚೀಲ ಸಿಮೆಂಟ್ ಮುಂದಿಟ್ಟು, ಎಷ್ಟು ನೀರು ಹಾಕುತ್ತೀಯಪ್ಪಾ ಅಂತ ಕೇಳಿ. ಮನೆಗೆ ಹಾಕುವ ಎಂ-20 ದರ್ಜೆಯ ಕಾಂಕ್ರೀಟಿಗೆ ಐಎಸ್ 456 ಅನ್ನುವ ದೇಶದ ಮಾನದಂಡ ಹೇಳುವುದು 50 ಕೆಜಿ ಚೀಲಕ್ಕೆ 30 ಲೀಟರ್. ನಮ್ಮ ಸೈಟುಗಳಲ್ಲಿ ಲೀಟರ್ ಯಾರೂ ಎಣಿಸುವುದಿಲ್ಲ. ಪೈಪ್ ಬಿಟ್ಟು, ಮಾಲು ಸುಲಭಕ್ಕೆ ಹರಿಯುವವರೆಗೆ ನೀರು ಹಾಕುತ್ತಾರೆ. ಜಾಸ್ತಿಯಾದ ನೀರು ಆಮೇಲೆ ಆರಿಹೋಗುತ್ತದೆ, ಅದಿದ್ದ ಜಾಗ ತೂತಾಗಿ ಉಳಿಯುತ್ತದೆ. ಇದನ್ನು ಒಂದು ಬಕೆಟ್ಟು, ಎರಡು ಡಬ್ಬಿ ಇಟ್ಟುಕೊಂಡು ಅರ್ಧ ತಾಸಿನಲ್ಲಿ ಕಲಿಸಬಹುದು. ಆ ಅರ್ಧ ತಾಸು ಯಾರಿಗೂ ಸಿಕ್ಕಿಲ್ಲ, ಅಷ್ಟೇ.

ಪಾಠವೂ ನಮ್ಮ ಮಣ್ಣಿನದಾಗಿರಲಿ. ವಿಜಯಪುರ, ಬಾಗಲಕೋಟೆಯ ಎರಿ, ಅಂದರೆ ಕಪ್ಪು ಮಣ್ಣಿನ, ಭೂಮಿ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಬಿರಿದರೆ ಬಿರುಕಿನೊಳಗೆ ಮುಂಗೈ ಇಳಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮನೆಯ ಬುಡ ವರ್ಷವೂ ಮೇಲೆ ಕೆಳಗೆ ಆಡುತ್ತದೆ. ನನ್ನ ಮಳೆಗಾಲದ ರಿಪೇರಿ ಕೆಲಸದಲ್ಲಿ ಅರ್ಧ ಇದೇ, ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ ಬಿರುಕು ಮುಚ್ಚುವುದು. ಮುಚ್ಚಿದರೆ ಮತ್ತೆ ಬರುತ್ತದೆ ಅಂತ ನನಗೂ ಗೊತ್ತು, ಮನೆಯವರಿಗೂ ಗೊತ್ತು. ಎರಿ ದಾಟಿ ಗರಸು, ಅಂದರೆ ಕಲ್ಲುಮಿಶ್ರಿತ ಗಟ್ಟಿ ಮಣ್ಣು, ಸಿಗುವವರೆಗೆ ಅಗೆಯಬೇಕು. ಅದು ತುಂಬಾ ಆಳದಲ್ಲಿದ್ದರೆ ಎರಿ ತೆಗೆದು ಗರಸು ತುಂಬಿ ನೀರು ಹೊಡೆದು ಪದರ ಪದರವಾಗಿ ಬಡಿಯಬೇಕು. ಬುನಾದಿಯ ಮೇಲಿನ ಪ್ಲಿಂತ್ ಬೀಮ್ ಹಾಕದೆ ಬಿಡಬಾರದು. ಮನೆಯ ಸುತ್ತ ಫರಸಿ ಹಾಸಿ ಮಳೆನೀರು ಬುಡಕ್ಕೆ ಇಳಿಯದ ಹಾಗೆ ಇಳಿಜಾರು ಕೊಡಬೇಕು. ಹಳೆಯ ಗೌಂಡಿಗಳು ಕೋಲಿನಿಂದ ತಿವಿದು ನೋಡಿ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತಿದ್ದರು. ಬೆಂಗಳೂರಿನ ಕೆಂಪು ಮಣ್ಣು ನೋಡಿ ಬರೆದ ಪಾಠ ನಮ್ಮ ಹುಡುಗರಿಗೆ ಸಾಲುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಕಾಯ್ದೆಯಲ್ಲಿ ಬಿಡಿಸಿ ಬರೆಯದಿದ್ದರೆ ಯಾರೂ ಮಾಡುವುದಿಲ್ಲ. ಮೊದಲಿಗೆ ನಾನೇ ಮಾಡುವುದಿಲ್ಲ, ಅಷ್ಟು ರೂಢಿಯಾಗಿಬಿಟ್ಟಿದೆ. ನನ್ನ ಸೈಟಿನಲ್ಲಿ ಒಬ್ಬ ಅಕ್ಕ ಇಪ್ಪತ್ತು ವರ್ಷದಿಂದ ಮಾಲು ಕಲಸುತ್ತಾರೆ. ಸಲಕಿ ಎತ್ತಿದಾಗ ಮಾಲು ಹೇಗೆ ಜಾರುತ್ತದೆ ಅನ್ನುವುದರ ಮೇಲೆ ನೀರು ಜಾಸ್ತಿಯೋ ಕಡಿಮೆಯೋ ಹೇಳುತ್ತಾರೆ. ಉಸುಕಿನಲ್ಲಿ ಮಣ್ಣು ಇದ್ದರೆ ಮುಷ್ಟಿಯಲ್ಲಿ ತಿಕ್ಕಿ ನೋಡಿ ಲಾರಿ ವಾಪಸ್ ಕಳಿಸಿದ್ದಾರೆ. ಅವರ ಪಗಾರ ಇವತ್ತಿಗೂ ಹೆಲ್ಪರ್ ಪಗಾರ. ಗೌಂಡಿಗೆ ಅದರ ಒಂದೂವರೆ ಪಟ್ಟಿನ ಮೇಲೆ. ಒಮ್ಮೆ ತಮಾಷೆಗೆ ಕೇಳಿದೆ, "ಅಕ್ಕಾ, ಕರಣಿ ಹಿಡಿತಿಯೇನ?" ನಗಲಿಲ್ಲ. "ಕೊಟ್ರ ಹಿಡಿತೀನಿ" ಅಂದರು. ನಾನು ಕೊಡಲಿಲ್ಲ. ಮನೆಯ ಯಜಮಾನರು ಏನನ್ನುತ್ತಾರೋ ಅಂತ. ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಹೆಣ್ಣುಮಕ್ಕಳಿಗೆ ಗೌಂಡಿ ಕೆಲಸ ಕಲಿಸಿದರು, ರಾಣಿ ಮಿಸ್ತ್ರಿ ಅಂತ ಹೆಸರು ಬಂತು. ಸರ್ಕಾರಿ ಕೆಲಸದಲ್ಲಿ ಶುರುವಾದರೆ ಖಾಸಗಿಯವರ ಬಾಯಿ ತಾನಾಗಿ ಮುಚ್ಚುತ್ತದೆ. ಕಲಿಯುವವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು ಇರಲೇಬೇಕು ಅಂತ ಬರೆಯಿರಿ.

ಇದೇನೂ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಬ್ರಿಟನ್ನಿನಲ್ಲಿ 1964ರಲ್ಲೇ ಕೈಗಾರಿಕಾ ತರಬೇತಿ ಕಾಯ್ದೆ ಬಂತು, ಕಟ್ಟಡ ಕೆಲಸಕ್ಕೆ ಅಂತಲೇ ಒಂದು ತರಬೇತಿ ಮಂಡಳಿ ಆಯಿತು. ಕಟ್ಟಡ ಕಂಪನಿಗಳಿಂದ ಲೆವಿ ಅಂತ ಹಣ ಎತ್ತುತ್ತಾರೆ, ಅಪ್ರೆಂಟಿಸ್ ಇಟ್ಟುಕೊಂಡು ಕಲಿಸುವವರಿಗೆ ಅದೇ ದುಡ್ಡು ವಾಪಸ್ ಕೊಡುತ್ತಾರೆ. ತೀರಾ ಸಣ್ಣವರು ಲೆವಿ ಕಟ್ಟಬೇಕಿಲ್ಲ, ಆದರೂ ಕಲಿಸಿದರೆ ದುಡ್ಡು ಸಿಗುತ್ತದೆ. ಈ ಕೊನೆಯ ಮಾತು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲೂ ಸೆಸ್ ಅನ್ನುವ ಲೆವಿ ಇದೆ. ಕಲಿಸಿದವನಿಗೆ ವಾಪಸ್ ಬರುವ ದಾರಿ ಮಾತ್ರ ಇಲ್ಲ.

ಯಾಕೆ ಇಷ್ಟು ಅವಸರ ಅನ್ನಬಹುದು. ಆಲಮಟ್ಟಿ ಇದೆಯಲ್ಲ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕು ಅನ್ನುವುದು ಕೃಷ್ಣಾ ಮೇಲ್ದಂಡೆಯ ಮೂರನೇ ಹಂತ. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸಂಪುಟ ಮುಳುಗುವ ಭೂಮಿಗೆ ದರ ಗೊತ್ತುಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ. ಹಳ್ಳಿಗಳು ಜಾಗ ಬಿಟ್ಟು ಏಳಬೇಕು, ಬಾಗಲಕೋಟೆಯ ಇನ್ನಷ್ಟು ಭಾಗವೂ. ಒಮ್ಮೆ ಮುಳುಗಿ ಎದ್ದ ಊರಿನವರು ನಾವು, ಇದು ಹೇಗಿರುತ್ತದೆ ಅಂತ ಗೊತ್ತು. ಪರಿಹಾರದ ದುಡ್ಡು ಕೈಗೆ ಬಂದವನು ಮೊದಲು ಮನೆ ಕಟ್ಟಿಸುತ್ತಾನೆ. ಎಲ್ಲರೂ ಒಟ್ಟಿಗೇ ಕಟ್ಟಿಸುತ್ತಾರೆ. ಆಗ ಕರಣಿ ಹಿಡಿದವನೇ ಗೌಂಡಿ, ಸರಳು ಬಗ್ಗಿಸಿದವನೇ ಬಾರ್ ಬೆಂಡರ್. ನಮ್ಮ ಒಳ್ಳೆಯ ಕೈಗಳೆಲ್ಲ ಗೋವಾದಲ್ಲಿ, ಮಂಗಳೂರಿನಲ್ಲಿ, ಪುಣೆಯಲ್ಲಿ ಇರುತ್ತವೆ. ಹೊಲ ಕಳೆದುಕೊಂಡು ಕಟ್ಟಿಸಿದ ಮನೆ ಹತ್ತು ವರ್ಷಕ್ಕೆ ಬಿರಿದರೆ ಆ ರೈತ ಯಾರನ್ನು ಕೇಳಬೇಕು?

ಎರಡು ವರ್ಷದ ಕಲಿಕೆ ಈಗ ಶುರುವಾದರೆ ಆ ಹೊತ್ತಿಗೆ ಒಂದು ತಂಡ ತಯಾರಾಗಬಹುದು. ಅದರಲ್ಲೂ ಮುಳುಗಡೆ ಹಳ್ಳಿಗಳ ಹುಡುಗ-ಹುಡುಗಿಯರನ್ನೇ ಮೊದಲು ತೆಗೆದುಕೊಳ್ಳಿ. ಹೊಲ ಹೋದ ಮೇಲೆ ಅವರಿಗೂ ಒಂದು ಕೆಲಸ ಬೇಕು. ಪುನರ್ವಸತಿ ಕೇಂದ್ರದ ಶಾಲೆ, ಅಂಗನವಾಡಿ, ಚರಂಡಿ ಅಂತ ಟೆಂಡರ್ ಕರೆಯುತ್ತೀರಲ್ಲ, ಆ ಟೆಂಡರಿನಲ್ಲೇ ಇಂತಿಷ್ಟು ಜನ ಕಲಿಯುವವರು ಇರಬೇಕು ಅಂತ ಷರತ್ತು ಹಾಕಿ. ಕಾಯ್ದೆ ಬರುವುದು ತಡವಾದರೂ ಟೆಂಡರ್ ಷರತ್ತಿಗೆ ಒಂದು ಸರ್ಕಾರಿ ಆದೇಶ ಸಾಕು. ಆದರೆ ಆದೇಶ ಬಂದು ಹೋಗುತ್ತದೆ, ಸರ್ಕಾರ ಬದಲಾದರೆ ಅದೂ ಬದಲು. ಅದಕ್ಕೇ ಕಾಯ್ದೆ ಅನ್ನುವುದು.

ಕಲಿತವನಿಗೆ ಕೊಡುವ ಕಾರ್ಡಿನ ಬಗ್ಗೆ ಒಂದು ಮಾತು. ಪಟ್ಟದಕಲ್ಲು ನಮ್ಮೂರಿಂದ ಒಂದು ತಾಸಿನ ದಾರಿ. ಅಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದಳು ಅಂತ ಗೈಡುಗಳೆಲ್ಲ ಹೇಳುತ್ತಾರೆ. ಕಟ್ಟಿದವನು ಯಾರು ಅನ್ನುವುದೂ ಅಲ್ಲಿಯ ಶಾಸನದಲ್ಲೇ ಇದೆ. ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟದ್ದನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ. ವೇದಿಕೆ ಭಾಷಣಕ್ಕೆ ಇದು ಚೆನ್ನಾಗಿರುತ್ತದೆ ಅಂತ ಹೇಳುತ್ತಿಲ್ಲ, ಭಾಷಣ ನೀವು ಬೇಕಾದಷ್ಟು ಮಾಡುತ್ತೀರಿ. ನಾನು ಹೇಳುವುದು ಕಾಗದದ ವಿಷಯ. ನಮ್ಮ ಹುಡುಗ ಗೋವಾದ ಸೈಟಿಗೆ ಹೋಗಿ ನನಗೆ ಪ್ಲಾಸ್ಟರ್ ಬರುತ್ತದೆ ಅಂದರೆ ಅಲ್ಲಿಯ ಮುಕಾದಮ ನಂಬುವುದಿಲ್ಲ, ಬುಟ್ಟಿ ಕೈಗೆ ಕೊಡುತ್ತಾನೆ. ಮಂಡಳಿಯ ಕಾರ್ಡಿನಲ್ಲಿ ಈಗ ಹೆಸರಿದೆ, ಫೋಟೋ ಇದೆ. ಅವನಿಗೆ ಏನು ಕೆಲಸ ಬರುತ್ತದೆ, ಯಾವ ಮಟ್ಟಕ್ಕೆ, ಯಾವ ಉಸ್ತಾದನ ಹತ್ತಿರ ಕಲಿತ ಅನ್ನುವುದೂ ಅದರಲ್ಲಿ ಬರಲಿ. ಉಸ್ತಾದನ ಹೆಸರು ಬಂದರೆ ಆ ಉಸ್ತಾದ ಮನಸ್ಸಿಟ್ಟು ಕಲಿಸುತ್ತಾನೆ. ನಮ್ಮ ಜನರ ಮರ್ಯಾದೆ ಪ್ರಶ್ನೆ ನಿಮಗೆ ಗೊತ್ತಲ್ಲ.

ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿ ಇದೆ, ತಿಂಗಳಿಗೆ 3,000. ಡಿಪ್ಲೊಮಾದವರಿಗೆ 1,500. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬುಟ್ಟಿ ಹೊರುವವನಿಗೆ ಸುಮ್ನೆ ಕೂತಿರಲು ದುಡ್ಡು ಬೇಡ. ಅವನು ಕೂತೂ ಇಲ್ಲ. ವಾರಕ್ಕೆ ಒಂದು ದಿನ ಕಲಿಯಲು ಕೊಡಿ ಸಾಕು.

ಸುವರ್ಣ ಸೌಧ ನೋಡುವಾಗಲೆಲ್ಲ ನನಗೆ ಅದರ ಸೆಂಟ್ರಿಂಗ್ ಮಾಡಿದವರು ಯಾರಿರಬಹುದು ಅಂತ ಅನ್ನಿಸುತ್ತದೆ. ಕಸುಬಿನ ಚಟ. ಅಧಿವೇಶನದ ಮಧ್ಯೆ ನಿಮಗೆ ಒಂದು ಭಾನುವಾರ ಸಿಕ್ಕೇ ಸಿಗುತ್ತದೆ. ಬೆಳಗಾವಿಯಿಂದ ಬಾಗಲಕೋಟೆಗೆ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ನಮ್ಮ ಸೈಟಿನಲ್ಲಿ ಇರುತ್ತೀರಿ. ಸ್ಲ್ಯಾಬ್ ಹಾಕುವ ದಿನ ನೋಡಿಕೊಂಡು ಬನ್ನಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ. ಮೇಲೆ ಹತ್ತುವಾಗ ಹಲಗೆಯ ಮೇಲೆ ಮಾತ್ರ ಕಾಲಿಡಿ. ಕಬ್ಬಿಣದ ಮೇಲೆ ಇಟ್ಟರೆ ಆ ಹುಡುಗ ನಿಮ್ಮನ್ನೂ ಬೈಯುತ್ತಾನೆ. ಈಗ ಅವನಿಗೆ ಗೊತ್ತಿದೆ, ಬಾಲ್ಕನಿ ಒಡೆದ ಆ ವಾರ ಕಾಕಾಗೆ ನಾನು ಕೈಯಿಂದ ಪಗಾರ ಕೊಟ್ಟು ಎರಡು ದಿನ ಪಾಠ ಹೇಳಿಸಿದೆ.

ಇಂತಿ,
ಒಬ್ಬ ಸಣ್ಣ ಗುತ್ತಿಗೆದಾರ
ನವನಗರ, ಬಾಗಲಕೋಟೆ